ಮೊದಲು ನೋಟ್ಸಾ, ಕಿವಿಯಾ? ಮೇರಿ ಲೂ ವಿಲಿಯಮ್ಸ್ ಕಥೆ ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳಿಗೆ ಹದಿನಾಲ್ಕು ವರ್ಷ. ಐದು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದಾಳೆ. ಒಂದು ಹಾಡನ್ನು ಎರಡು ಸಲ ಕೇಳಿದರೆ ಸಾಕು, ಹಾಗೇ ನುಡಿಸುತ್ತಾಳೆ. ಆದರೆ ನೋಟ್ಸ್ ನೋಡಿ ನುಡಿಸು ಅಂದರೆ ಮುಖ ಸಿಂಡರಿಸುತ್ತಾಳೆ. ಈಗ ಜಾಜ್ ಪಿಯಾನೊ ಹುಚ್ಚು ಹಿಡಿದಿದೆ. ನೋಟ್ಸ್ ಬಾರದೆ ಮುಂದೆ ಏನೂ ಆಗಲ್ಲ ಅಂತ ಅವಳ ಟೀಚರ್ ಹೇಳುತ್ತಾರೆ. ಏನು ಮಾಡಿದರೂ ಕೊನೆಗೆ ಟ್ಯೂಷನ್ ಹೇಳಿಕೊಂಡೇ ಇರಬೇಕು ಅಂತ ನಮ್ಮ ಮನೆಯವರ ಚಿಂತೆ. ಜಾಜ್ ನುಡಿಸಿ, ಬರೆದು, ಕಲಿಸಿ, ಮೂರನ್ನೂ ಮಾಡಿ ಬದುಕಿದವರ ಒಂದು ನಿಜವಾದ ಉದಾಹರಣೆ ಹೇಳುತ್ತೀರಾ?

ಉತ್ತರ: ಹೇಳುತ್ತೇನೆ. ಆದರೆ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತ್ಕೊಳ್ಳಿ.

ಇಂಥ ಪ್ರಶ್ನೆ ಬಂದಾಗ ನನಗೆ ಮೊದಲು ನೆನಪಾಗುವ ಹೆಸರು ಮೇರಿ ಲೂ ವಿಲಿಯಮ್ಸ್. 1910ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಪಿಟ್ಸ್‌ಬರ್ಗ್‌ನಲ್ಲಿ ಬೆಳೆದರು. 1981ರಲ್ಲಿ ತೀರಿಕೊಂಡಾಗ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ನಡುವಿನ ಅಷ್ಟೂ ವರ್ಷಗಳಲ್ಲಿ ಜಾಜ್ ನಾಲ್ಕೈದು ಸಲ ಮೈ ಬದಲಿಸಿತು. ಪ್ರತಿ ಸಲವೂ ಇವರು ಅದರ ಜೊತೆಗೇ ಇದ್ದರು, ಒಂದೊಂದು ಸಲ ಎರಡು ಹೆಜ್ಜೆ ಮುಂದೆಯೇ ಇದ್ದರು. ಜಾಜ್‌ನ ದೊಡ್ಡ ಸಂಯೋಜಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರು ಇವರನ್ನು ಯಾವತ್ತೂ ಇವತ್ತಿನವರೇ ಅನ್ನೋ ಅರ್ಥದಲ್ಲಿ ಹೊಗಳಿದ್ದರು. ಎಲಿಂಗ್ಟನ್ ಸುಮ್ಸುಮ್ನೆ ಹೊಗಳುವ ಮನುಷ್ಯ ಅಲ್ಲ ಅಂತ ನಾನು ನಂಬುತ್ತೇನೆ.

ನಿಮ್ಮ ಟೀಚರ್ ಮಾತಿನಿಂದಲೇ ಶುರು ಮಾಡೋಣ. ಮೇರಿ ಲೂ ಅವರ ಅಮ್ಮನ ಮನೆಯಲ್ಲಿ ಕಾಲಿನಿಂದ ಗಾಳಿ ತುಂಬುವ ಆರ್ಗನ್ ಇತ್ತು. ನಮ್ಮ ಕಂಪನಿ ನಾಟಕದವರ ಲೆಗ್ ಹಾರ್ಮೋನಿಯಂ ನೋಡಿದ್ದರೆ ನಿಮಗೆ ತಕ್ಷಣ ಗೊತ್ತಾಗುತ್ತೆ, ಹೆಚ್ಚೂಕಡಿಮೆ ಅದೇ. ಅಮ್ಮ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ನುಡಿಸುತ್ತಿದ್ದರು. ಮಗುವಿಗೆ ಇನ್ನೂ ಮೂರೋ ನಾಲ್ಕೋ ವರ್ಷ. ಒಂದು ದಿನ ಅಮ್ಮ ಕೈ ತೆಗೆದ ತಕ್ಷಣ ಮಗು ಕೈ ಚಾಚಿ, ಅಮ್ಮ ನುಡಿಸಿದ್ದನ್ನೇ ನುಡಿಸಿತು. ಅಮ್ಮ ಬೆಚ್ಚಿಬಿದ್ದು, ಮಗುವನ್ನು ತೊಡೆಯಿಂದ ಕೆಳಗೆ ಬಿಟ್ಟು, ಅಕ್ಕಪಕ್ಕದವರನ್ನು ಕರೆಯಲು ಓಡಿದರಂತೆ. ದೊಡ್ಡವರಾದ ಮೇಲೂ ಮೇರಿ ಲೂ ಇದನ್ನು ಹೇಳಿಕೊಳ್ಳುತ್ತಿದ್ದರು.

ಇಲ್ಲಿ ನಿಮಗೆ ಬೇಕಾದ ವಿಷಯ ಇದೆ. ಆ ಅಮ್ಮ ಮಗಳಿಗೆ ಮೇಷ್ಟ್ರನ್ನು ಇಡಲು ಒಪ್ಪಲಿಲ್ಲ. ಯಾಕೆ ಅಂದರೆ ಸ್ವತಃ ಅವರಿಗೆ ಆ ಅನುಭವ ಆಗಿತ್ತು. ಚಿಕ್ಕಂದಿನಲ್ಲಿ ಮನಸ್ಸಿಗೆ ಬಂದಂತೆ ನುಡಿಸುತ್ತಿದ್ದವರು ಮೇಷ್ಟ್ರ ಹತ್ತಿರ ನೋಟ್ಸ್ ಕಲಿತರು. ಆಮೇಲೆ ಕಾಗದ ಎದುರಿಗೆ ಇಲ್ಲದಿದ್ದರೆ ಕೈಯೇ ಓಡದ ಹಾಗಾಯಿತು. ಮಗಳಿಗೆ ಹಾಗಾಗಬಾರದು ಅಂತ ಆಕೆ ಮೇಷ್ಟ್ರ ಬದಲು ಒಳ್ಳೊಳ್ಳೆ ವಾದಕರನ್ನು ಮನೆಗೆ ಕರೆದು ನುಡಿಸಲು ಹೇಳುತ್ತಿದ್ದರು. ಮಗು ಪಕ್ಕದಲ್ಲಿ ಕೂತು ಕೇಳುತ್ತಿತ್ತು.

ಹಾಗಂತ ನೋಟ್ಸ್ ಬೇಡ ಅಂತ ಓಡಿಹೋಗಿ ಟೀಚರ್ ಹತ್ತಿರ ಜಗಳ ಆಡಬೇಡಿ. ಕಥೆ ಇನ್ನೂ ಅರ್ಧ ಇದೆ.

ಮಲತಂದೆ ಮನೆಗೆ ಒಂದು ಪ್ಲೇಯರ್ ಪಿಯಾನೊ ತಂದರು. ಅದು ತಾನಾಗಿ ನುಡಿಯುವ ಪಿಯಾನೊ. ತೂತು ಕೊರೆದ ಕಾಗದದ ಸುರುಳಿ ಒಳಗೆ ಸುತ್ತುತ್ತಾ ಹೋದ ಹಾಗೆ ಮಣೆಗಳು ತಾವೇ ಕೆಳಗೆ ಇಳಿಯುತ್ತವೆ. ಮೇರಿ ಲೂ ಆ ಸುರುಳಿಯ ವೇಗ ಕಡಿಮೆ ಮಾಡಿ, ಇಳಿಯುವ ಮಣೆಗಳ ಮೇಲೆ ತನ್ನ ಬೆರಳಿಟ್ಟು ಆಗಿನ ಹೆಸರಾಂತ ಪಿಯಾನೊ ವಾದಕ ಜೇಮ್ಸ್ ಪಿ. ಜಾನ್ಸನ್ ನುಡಿಸಿದ್ದನ್ನು ಕಲಿತರು. ಈಗ ನಿಮ್ಮ ಮಗಳು ಯೂಟ್ಯೂಬ್‌ನಲ್ಲಿ ವೇಗ ಅರ್ಧಕ್ಕೆ ಇಳಿಸಿ ನೋಡಿ ನೋಡಿ ನುಡಿಸುತ್ತಾಳಲ್ಲ, ಅದೇ ಕೆಲಸ. ಹಾಗಾಗಿ ‘ಫೋನ್ ನೋಡಿಕೊಂಡು ಕೂತಿದ್ದಾಳೆ’ ಅಂತ ಬೈಯುವ ಮೊದಲು ಒಂದು ಸಲ ಇಣುಕಿ ನೋಡಿ.

ಆ ಮಲತಂದೆ ದೊಡ್ಡ ಆಸಾಮಿ. ಮಗುವನ್ನು ಕೋಟಿನೊಳಗೆ ಅಡಗಿಸಿಕೊಂಡು ಜೂಜಿನ ಅಡ್ಡೆಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಪಿಯಾನೊ ಮುಂದೆ ಕೂರಿಸಿ, ಟೋಪಿಯೊಳಗೆ ಮೊದಲ ಡಾಲರ್ ತಾವೇ ಹಾಕಿ ಸುತ್ತಿಸುವುದು. ಉಳಿದವರೂ ಮುಜುಗರಕ್ಕೆ ಹಾಕುತ್ತಿದ್ದರು. ವಾಪಸ್ ಬರುವಾಗ ‘ನನ್ನ ಆ ಒಂದು ಡಾಲರ್ ಕೊಡಮ್ಮ’ ಅಂತ ತೆಗೆದುಕೊಂಡುಬಿಡುತ್ತಿದ್ದರು! ನಗು ಬರುತ್ತೆ, ಆದರೆ ಬಡ ಮನೆಯಲ್ಲಿ ಆ ಮಗುವಿನ ಸಂಪಾದನೆಗೂ ಲೆಕ್ಕ ಇತ್ತು. ಊರಿನ ದೊಡ್ಡ ಶ್ರೀಮಂತರಾದ ಮೆಲನ್ ಮನೆತನದ ಪಾರ್ಟಿಗಳಲ್ಲೂ ಆ ಹುಡುಗಿ ನುಡಿಸಿದ್ದಾಳೆ. ‘ಈಸ್ಟ್ ಲಿಬರ್ಟಿಯ ಪುಟ್ಟ ಪಿಯಾನೊ ಹುಡುಗಿ’ ಅಂತಲೇ ಹೆಸರಾಗಿತ್ತು.

ಹದಿನೈದರ ಆಸುಪಾಸಿಗೆ ಊರೂರು ತಿರುಗುವ ವಿನೋದ ಪ್ರದರ್ಶನದ ತಂಡಗಳ ಜೊತೆ ಹೊರಟರು. ಅಲ್ಲೇ ಸ್ಯಾಕ್ಸೊಫೋನ್ ವಾದಕ ಜಾನ್ ವಿಲಿಯಮ್ಸ್ ಪರಿಚಯ, ಮದುವೆ. ಗಂಡ ಆಂಡಿ ಕರ್ಕ್ ಅವರ ಬ್ಯಾಂಡ್ ಸೇರಿದರು. ಹೆಂಡತಿಗೆ ಅದರಲ್ಲಿ ಜಾಗ ಇರಲಿಲ್ಲ, ಪಿಯಾನೊಗೆ ಬೇರೆಯವರಿದ್ದರು. ಹೊಟ್ಟೆಪಾಡಿಗೆ ಸ್ವಲ್ಪ ಕಾಲ ಹೆಣ ಸಾಗಿಸುವ ಗಾಡಿ ಓಡಿಸುವ ಕೆಲಸ ಕೂಡ ಮಾಡಿದರು. ಇದನ್ನು ನಾನು ಪ್ರತಿ ಹೊಸ ಬ್ಯಾಚ್‌ಗೂ ಹೇಳುತ್ತೇನೆ. ‘ಕಲಾವಿದರ ಜೀವನ’ ಅಂದಾಗ ಯಾರೂ ಕಲ್ಪಿಸಿಕೊಳ್ಳದ ಚಿತ್ರ ಅದು.

ಆಮೇಲೆ ಬ್ಯಾಂಡಿನ ಆಡಿಷನ್ ದಿನ ಪಿಯಾನೊದವರು ಬರಲೇ ಇಲ್ಲ. ಇವರನ್ನು ಕೂರಿಸಿದರು. ರೆಕಾರ್ಡ್ ಕಂಪನಿಯವರಿಗೆ ಇವರ ಕೈ ಹಿಡಿಸಿಬಿಟ್ಟಿತು. ಮುಂದಿನ ಸಲ ಬೇರೆಯವರು ಬಂದಾಗ, ಆ ಹುಡುಗಿ ಎಲ್ಲಿ ಅಂತ ಕೇಳಿದರು. ಹೀಗೆ ಶುರುವಾಯಿತು.

ಈಗ ನೋಟ್ಸ್ ವಿಷಯಕ್ಕೆ ವಾಪಸ್ ಬರುತ್ತೇನೆ. ಮೇರಿ ಲೂ ತಲೆಯಲ್ಲಿ ಹೊಸ ಹೊಸ ಯೋಚನೆಗಳು ತುಂಬಿದ್ದವು. ಟ್ರಂಪೆಟ್ ಇದನ್ನು ನುಡಿಸಲಿ, ಸ್ಯಾಕ್ಸೊಫೋನ್‌ಗಳು ಅಡಿಯಲ್ಲಿ ಹೀಗೆ ಬರಲಿ ಅಂತ. ಆದರೆ ಬರೆಯಲು ಬರುತ್ತಿರಲಿಲ್ಲ. ಇವರು ಹೇಳುವುದು, ಆಂಡಿ ಕರ್ಕ್ ಬರೆದುಕೊಳ್ಳುವುದು. ಕರ್ಕ್‌ಗೆ ಬಿಡುವಾಗುವ ತನಕ ಕಾಯಬೇಕು. ಕಾದು ಕಾದು ಬೇಸತ್ತು, ಅವರ ಹತ್ತಿರವೇ ಬರೆಯುವುದನ್ನು ಕಲಿತರು. ಮೊದಮೊದಲು ಟ್ರಂಪೆಟ್‌ಗೆ ಎಟುಕದ ಸ್ವರಗಳನ್ನೆಲ್ಲ ಬರೆದುಬಿಟ್ಟು, ಬ್ಯಾಂಡಿನ ಹುಡುಗರು ನಕ್ಕಿದ್ದರಂತೆ. ಕೆಲವೇ ವರ್ಷಗಳಲ್ಲಿ ಅದೇ ಬ್ಯಾಂಡಿಗೆ ಇವರೇ ಮುಖ್ಯ ಅರೇಂಜರ್, ಅಂದರೆ ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆದು ಹೊಂದಿಸುವವರು. ಒಂದು ಊರಿಂದ ಇನ್ನೊಂದು ಊರಿಗೆ ರಾತ್ರಿ ಕಾರಿನಲ್ಲಿ ಹೋಗುವಾಗ ಟಾರ್ಚ್ ಬೆಳಕಿನಲ್ಲಿ ಬರೆಯುತ್ತಿದ್ದರು.

ಗಮನಿಸಿ. ನೋಟ್ಸ್ ಕಲಿತದ್ದು ಪರೀಕ್ಷೆಗಲ್ಲ. ಹೇಳಬೇಕಾದದ್ದು ಇತ್ತು, ಹೇಳಲು ದಾರಿ ಬೇಕಿತ್ತು, ಅದಕ್ಕೆ. ನಿಮ್ಮ ಮಗಳ ವಿಷಯದಲ್ಲಿ ನಾನು ಹೇಳುವುದೂ ಅಷ್ಟೇ. ಅವಳು ತಾನೇ ಒಂದು ಟ್ಯೂನ್ ಮಾಡಲಿ, ಅದನ್ನು ಗೆಳತಿ ಒಬ್ಬಳು ವಯಲಿನ್‌ನಲ್ಲಿ ನುಡಿಸಬೇಕು ಅನ್ನಿ. ಆಗ ನೋಡಿ, ಒಂದೇ ವಾರದಲ್ಲಿ ನೋಟ್ಸ್ ಬರೆಯಲು ಕೂರುತ್ತಾಳೆ. ನಾನೇ ಪಾಠ ಶುರು ಮಾಡಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೇನೆ. ಸಿನಿಮಾ ಹಾಡು ಕಿವಿಯಲ್ಲೇ ಹಿಡಿದು, ಅದಕ್ಕೆ ಎಡಗೈ ತಾನೇ ಹುಡುಕಿಕೊಳ್ಳುತ್ತಿದ್ದ ಒಬ್ಬ ಹುಡುಗನನ್ನು ‘ಮೊದಲು ಗ್ರೇಡ್ ಪುಸ್ತಕ ಮುಗಿಸು’ ಅಂತ ಎಂಟು ತಿಂಗಳು ಕೂರಿಸಿದೆ. ಪರೀಕ್ಷೆ ಪಾಸಾಯಿತು, ಪಿಯಾನೊ ಬಿಟ್ಟ. ಅದು ಇವತ್ತಿಗೂ ನನಗೆ ಚುಚ್ಚುತ್ತೆ.

ದುಡ್ಡಿನ ಮಾತು. 1930ರಲ್ಲಿ ಷಿಕಾಗೊದಲ್ಲಿ ರೆಕಾರ್ಡ್ ಕಂಪನಿಯವರು ಮೇರಿ ಲೂ ಅವರನ್ನು ಕೂರಿಸಿ ‘ಏನಾದರೂ ನುಡಿಸು’ ಅಂದರು. ಆಗ ಅಲ್ಲೇ ಹುಟ್ಟಿದ್ದು ‘ನೈಟ್ ಲೈಫ್’ ಅನ್ನೋ ಒಂಟಿ ಪಿಯಾನೊ ತುಣುಕು. ‘ಮೇರಿ’ ಮುಂದೆ ‘ಲೂ’ ಸೇರಿಸಿದ್ದೂ ಆ ಕಂಪನಿಯವರೇ. ತಟ್ಟೆ ಚೆನ್ನಾಗಿ ಓಡಿತು, ಆದರೆ ಅದರ ರಾಯಲ್ಟಿ ತಮಗೆ ಸಿಗಲೇ ಇಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್‌ಗೆ ‘ರೋಲ್ ಎಮ್’ ಬರೆದುಕೊಟ್ಟರು. ಭಾರಿ ಹೆಸರಾಯಿತು. ನನಗೊಬ್ಬನಿಗೇ ಬರೆದುಕೊಡು ಅಂತ ಗುಡ್‌ಮನ್ ಕೇಳಿದರು, ಇವರು ಒಪ್ಪಲಿಲ್ಲ. ಎಲ್ಲರಿಗೂ ಬರೆಯುತ್ತೇನೆ ಅಂದರು. ಎಲಿಂಗ್ಟನ್‌ಗೂ ಬರೆದರು. ಎಷ್ಟೋ ವರ್ಷ ಪೆಟ್ಟು ತಿಂದ ಮೇಲೆ ತಮ್ಮದೇ ಪ್ರಕಾಶನ ಸಂಸ್ಥೆ ಮಾಡಿಕೊಂಡರು, 1960ರ ದಶಕದಲ್ಲಿ ‘ಮೇರಿ ರೆಕಾರ್ಡ್ಸ್’ ಅಂತ ತಮ್ಮದೇ ಲೇಬಲ್ ತೆರೆದರು. ಆ ಕಾಲಕ್ಕೆ ಜಾಜ್‌ನಲ್ಲಿ ಒಬ್ಬ ಹೆಂಗಸು ಹಾಗೆ ಮಾಡುವುದು ಸಣ್ಣ ಮಾತಲ್ಲ. ನಿಮ್ಮ ಮಗಳು ಮುಂದೆ ಟ್ಯೂನ್ ಮಾಡಿದರೆ, ಯಾರಿಗಾದರೂ ಕೊಡುವ ಮೊದಲು ಹಕ್ಕು ಯಾರದ್ದು ಅಂತ ಕಾಗದದಲ್ಲಿ ಇರಲಿ. ನಮ್ಮಲ್ಲೂ ಐಪಿಆರ್‌ಎಸ್ ಅಂತ ಸಂಗೀತ ಸಂಯೋಜಕರ ಮತ್ತು ಗೀತರಚನೆಕಾರರ ಸೊಸೈಟಿ ಇದೆ, ಹೆಸರು ನೋಂದಾಯಿಸಬಹುದು.

ಇಲ್ಲಿ ಒಂದು ನಿಮಿಷ ನಿಂತು, ಇವರ ಎಡಗೈ ಏನು ಮಾಡುತ್ತೆ ಅಂತ ಹೇಳಲೇಬೇಕು. ಇದಿಲ್ಲದೆ ಉಳಿದದ್ದೆಲ್ಲ ಬರೀ ಜೀವನಚರಿತ್ರೆ ಆಗುತ್ತೆ. ಆಗಿನ ಪಿಯಾನೊದವರು ಸ್ಟ್ರೈಡ್ ಅನ್ನುವ ಶೈಲಿ ನುಡಿಸುತ್ತಿದ್ದರು. ನಾಲ್ಕು ಎಣಿಕೆ ಅಂದುಕೊಳ್ಳಿ. ಒಂದು ಮತ್ತು ಮೂರಕ್ಕೆ ಎಡಗೈ ತೀರಾ ಕೆಳಗಿನ ಒಂದು ಸ್ವರ, ಎರಡು ಮತ್ತು ನಾಲ್ಕಕ್ಕೆ ಮಧ್ಯಕ್ಕೆ ಹಾರಿ ಒಂದು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಮೂರು ನಾಲ್ಕು ಸ್ವರ. ಬುಂ-ಚಕ್, ಬುಂ-ಚಕ್. ಒಂದೇ ಕೈ ಮೃದಂಗದ ಎಡ ಬಲ ಎರಡೂ ಮುಖ ಆಗುತ್ತೆ ಅನ್ನಿ. ನಾವು ಆದಿತಾಳದಲ್ಲಿ ಒಂದಕ್ಕೆ ತಟ್ಟಿ ಬೆಳೆದವರು. ಜಾಜ್‌ನಲ್ಲಿ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ. ನಮ್ಮ ಹುಡುಗರು ಎಡವುವುದೇ ಇಲ್ಲಿ, ನೋಟ್ಸ್‌ನಲ್ಲಿ ಅಲ್ಲ. ‘ನೈಟ್ ಲೈಫ್’ ಕೇಳಿದರೆ ಆ ಹಾರುವ ಎಡಗೈ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ‘ರೋಲ್ ಎಮ್’ ಬೇರೆ ಜಾತಿ. ಅದು ಬೂಗಿ-ವೂಗಿ. ಅಲ್ಲಿ ಎಡಗೈ ಹಾರಲ್ಲ, ಒಂದೇ ಸಣ್ಣ ಗತಿಯನ್ನು ರೈಲು ಓಡಿದ ಹಾಗೆ ಸುತ್ತಿಸುತ್ತಲೇ ಇರುತ್ತೆ, ಹನ್ನೆರಡು ಬಾರ್‌ಗಳ (ಒಂದು ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು) ಬ್ಲೂಸ್, ಅಂದರೆ ಅಮೆರಿಕದ ಕರಿಯರ ಹಾಡಿನ ಧಾಟಿ, ಮುಗಿದು ಮತ್ತೆ ಮೊದಲಿಂದ. ಮುಂದೆ ವಯಸ್ಸಾದ ಮೇಲೆ ಇವರು ಅದೇ ಬ್ಲೂಸ್‌ಗೆ ಹಾಕಿದ ಕಾರ್ಡ್‌ಗಳು ಎಷ್ಟು ವಿಚಿತ್ರ ಅಂದರೆ, ಮೊದಲ ಸಲ ಕೇಳಿದಾಗ ಎಲ್ಲೋ ತಪ್ಪು ನುಡಿಸಿದರು ಅಂದುಕೊಂಡಿದ್ದೆ. ಎಡಗೈ ಮಾತ್ರ ಜಪ್ಪಯ್ಯ ಅಂದರೂ ದಾರಿ ಬಿಟ್ಟಿರಲಿಲ್ಲ.

1942ರಲ್ಲಿ ಕರ್ಕ್ ಬ್ಯಾಂಡ್ ಬಿಟ್ಟರು. ಸಾಕಾಗಿತ್ತು. ನ್ಯೂಯಾರ್ಕ್‌ಗೆ ಬಂದರು. ಕರಿಯರು ಬಿಳಿಯರು ಒಟ್ಟಿಗೆ ಕೂತು ಕೇಳಬಹುದಾಗಿದ್ದ ಕೆಫೆ ಸೊಸೈಟಿ ಕ್ಲಬ್‌ನಲ್ಲಿ ಕೆಲಸ ಸಿಕ್ಕಿತು. ಆಗಿನ ನ್ಯೂಯಾರ್ಕ್‌ನಲ್ಲಿ ಅಂಥ ಜಾಗವೇ ಅಪರೂಪ.

ನಿಮ್ಮ ಮನೆಯವರ ಟ್ಯೂಷನ್ ಚಿಂತೆಗೆ ಉತ್ತರ ಇರುವುದು ಈ ಕಾಲದಲ್ಲಿ. ಹಾರ್ಲೆಮ್‌ನ ಹ್ಯಾಮಿಲ್ಟನ್ ಟೆರೇಸ್‌ನಲ್ಲಿ ಇವರದ್ದೊಂದು ಅಪಾರ್ಟ್‌ಮೆಂಟ್. ಅಷ್ಟೇನೂ ದೊಡ್ಡದಲ್ಲ. ಕ್ಲಬ್ ಮುಗಿದ ಮೇಲೆ, ಬೆಳಗಿನ ಜಾವದ ಹೊತ್ತಿಗೆ, ಹುಡುಗರು ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಿದ್ದರು. ಥೆಲೋನಿಯಸ್ ಮಂಕ್, ಬಡ್ ಪೊವೆಲ್, ಟ್ಯಾಡ್ ಡ್ಯಾಮರನ್, ಡಿಜ್ಜಿ ಗಿಲೆಸ್ಪಿ. ಆಗ ಈ ಹುಡುಗರ ಹೊಸ ಬಗೆಯ, ವೇಗದ ಜಾಜ್ ಅನ್ನು ‘ಬೀಬಾಪ್’ ಅಂತ ಆಡಿಕೊಳ್ಳುತ್ತಿದ್ದ ಹಳಬರು ಬೇಕಾದಷ್ಟು ಜನ. ತಮ್ಮದೇ ಕಾಲದ ಸ್ವಿಂಗ್‌ನಲ್ಲಿ (ಕುಣಿಯಲು ನುಡಿಸುತ್ತಿದ್ದ ದೊಡ್ಡ ಬ್ಯಾಂಡಿನ ಜಾಜ್) ಹೆಸರು ಮಾಡಿದ ಮೇರಿ ಲೂ ಮಾತ್ರ ಬಾಗಿಲು ತೆರೆದಿಟ್ಟರು. ಪಿಯಾನೊ ಮುಂದೆ ಒಬ್ಬರಾದ ಮೇಲೆ ಒಬ್ಬರು ಕೂತು, ನಿನ್ನೆ ಬರೆದದ್ದನ್ನು ನುಡಿಸಿ ತೋರಿಸುತ್ತಿದ್ದರು. ಇವರು ಹೀಗಲ್ಲ, ಹೀಗೆ ಮಾಡಿ ನೋಡು ಅನ್ನುವುದು. ಆಮೇಲೆ ಅವರಿಂದ ತಾವೂ ಎತ್ತಿಕೊಳ್ಳುವುದು. ಫೀಸಿಲ್ಲ, ಸಿಲಬಸ್ ಇಲ್ಲ. ಮಂಕ್ ಅವರ ಒಂದು ಪ್ರಸಿದ್ಧ ಟ್ಯೂನ್ ಇದೆ, ‘ರಿದಮ್-ಎ-ನಿಂಗ್’ ಅಂತ. ಅದರ ಸಾಲು 1936ರಲ್ಲಿ ಮೇರಿ ಲೂ ಕರ್ಕ್ ಬ್ಯಾಂಡಿಗೆ ಬರೆದ ‘ವಾಕಿನ್ ಆ್ಯಂಡ್ ಸ್ವಿಂಗಿನ್’ನ ಒಳಗೇ ಕೇಳಿಸುತ್ತೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಮೈ ಜುಂ ಅನ್ನುತ್ತೆ.

ಇದು ಟ್ಯೂಷನ್ನೇ ತಾನೇ? ಆದರೆ ಯಾರೂ ಹಾಗೆ ಕರೆಯಲಿಲ್ಲ. ನುಡಿಸಲು ಆಗದವರು ಕಲಿಸುತ್ತಾರೆ ಅನ್ನುವ ಲೆಕ್ಕವೇ ಇಲ್ಲಿ ತಲೆಕೆಳಗು. ಇವರು ತಮ್ಮ ವೃತ್ತಿಯ ತುತ್ತತುದಿಯಲ್ಲಿ ಇದ್ದಾಗಲೇ ದಿನಾ ಕಲಿಸುತ್ತಿದ್ದರು. ಅದೇ ಅವರನ್ನು ಹಳೆಯದಾಗಲು ಬಿಡಲಿಲ್ಲ. ಅವರ ಓರಗೆಯ ಎಷ್ಟೋ ಪಿಯಾನೊದವರು ಮೂವತ್ತರ ದಶಕದಲ್ಲೇ ನಿಂತುಹೋದರು. ಆ ಹುಡುಗರ ಗಲಾಟೆ ಮನೆಯೊಳಗೆ ಇಲ್ಲದಿದ್ದರೆ ಇವರೂ ಅಲ್ಲೇ ನಿಲ್ಲುತ್ತಿದ್ದರೇನೋ ಅನ್ನೋದು ನನ್ನ ಅನಿಸಿಕೆ.

ಅದೇ ಹೊತ್ತಿನಲ್ಲಿ ಡಬ್ಲ್ಯುಎನ್‌ಇಡಬ್ಲ್ಯು ರೇಡಿಯೊದಲ್ಲಿ ವಾರಕ್ಕೊಂದು ಕಾರ್ಯಕ್ರಮ ನಡೆಸುತ್ತಿದ್ದರು. ಅದಕ್ಕಾಗಿ ಒಂದು ಹೊಸ ಕೆಲಸ ಹಿಡಿದರು. ಹನ್ನೆರಡು ರಾಶಿಗೆ ಹನ್ನೆರಡು ತುಣುಕು. ‘ಝೋಡಿಯಾಕ್ ಸೂಟ್’, 1945. ಮೊದಲ ಕೆಲವನ್ನು ಮೊದಲೇ ಬರೆದಿಟ್ಟುಕೊಂಡಿದ್ದರು. ಉಳಿದವು ವಾರ ವಾರ ಬಂದವು, ಕೆಲವು ನುಡಿಸುತ್ತಾ ನುಡಿಸುತ್ತಾ ಅಲ್ಲೇ ಹುಟ್ಟಿದವು. ಪ್ರತಿ ರಾಶಿಯೂ ಆ ರಾಶಿಯಲ್ಲಿ ಹುಟ್ಟಿದ ಪರಿಚಿತರಿಗೆ. (ಅವರದ್ದು ಸೂರ್ಯನ ರಾಶಿ, ಹುಟ್ಟಿದ ತಾರೀಖಿನ ಲೆಕ್ಕ. ನಮ್ಮ ಹಾಗೆ ಚಂದ್ರ ಇರುವ ಮನೆ ಅಲ್ಲ. ಹಾಗಾಗಿ ಪಂಚಾಂಗ ತೆಗೆದುಕೊಂಡು ಕೂರಬೇಡಿ.) ವೃಷಭ ಎಲಿಂಗ್ಟನ್‌ಗೆ, ಇವರದ್ದೂ ಅದೇ ರಾಶಿ. ತುಲಾ ಯಾರಿಗೆ ಗೊತ್ತಾ? ಪಿಯಾನೊ ದಿಗ್ಗಜ ಆರ್ಟ್ ಟೇಟಮ್, ಡಿಜ್ಜಿ, ಬಡ್ ಪೊವೆಲ್, ಮಂಕ್. ನಾಲ್ವರೂ ತುಲಾ! ಅಂದರೆ ಮನೆಗೆ ಬಂದು ಪಿಯಾನೊ ಮುಂದೆ ಕೂರುತ್ತಿದ್ದ ಹುಡುಗರೇ ಇವರ ಸಂಯೋಜನೆಯ ಒಳಗೂ ಬಂದು ಕೂತರು. ತುಲಾ ಕೇಳಿ, ಅದರಲ್ಲಿ ಅವಸರವೇ ಇಲ್ಲ, ಜಾಜ್‌ಗಿಂತ ಫ್ರೆಂಚ್ ಪಿಯಾನೊ ಸಂಗೀತದ ನೆನಪು ಜಾಸ್ತಿ.

1945ರ ಡಿಸೆಂಬರ್ 31ಕ್ಕೆ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಚಿಕ್ಕ ಆರ್ಕೆಸ್ಟ್ರಾ ಇಟ್ಟುಕೊಂಡು ಇಡೀ ಸೂಟ್ ನುಡಿಸಿದರು. ತಾಲೀಮು ಸಾಲದೆ ಆ ರಾತ್ರಿ ತುಂಬಾ ಕಡೆ ಎಡವಿತು. ಆದರೂ ಮುಂದಿನ ವರ್ಷ ಕಾರ್ನೆಗಿ ಹಾಲ್‌ನಲ್ಲಿ ಸಿಂಫನಿ ಆರ್ಕೆಸ್ಟ್ರಾ ಜೊತೆ ಅದರ ಮೂರು ಭಾಗ ನುಡಿಸಿದರು. ಟೌನ್ ಹಾಲ್ ರೆಕಾರ್ಡಿಂಗ್ ಜನರ ಕೈಗೆ ಸಿಕ್ಕಿದ್ದು ಅವರು ತೀರಿಕೊಂಡು ಹತ್ತು ವರ್ಷ ಆದ ಮೇಲೆ.

1952ರಲ್ಲಿ ಯುರೋಪಿಗೆ ಹೋದರು. ಕೆಲವೇ ದಿನ ಅಂತ ಹೋದವರು ಎರಡು ವರ್ಷ ಉಳಿದರು. 1954ರಲ್ಲಿ ಪ್ಯಾರಿಸ್‌ನ ಒಂದು ಕ್ಲಬ್‌ನಲ್ಲಿ ನುಡಿಸುತ್ತಾ ನುಡಿಸುತ್ತಾ ಎದ್ದು ಹೊರಟೇಬಿಟ್ಟರು. ನಡುವೆಯೇ. ದಣಿವು, ಸಾಲ, ಕಣ್ಣೆದುರಿಗೇ ಹೆರಾಯಿನ್‌ಗೆ ಹಾಳಾಗುತ್ತಿದ್ದ ಸ್ನೇಹಿತರು, ಎಲ್ಲ ಸೇರಿ ಸಾಕಾಗಿತ್ತು. ಮೂರು ವರ್ಷ ವೇದಿಕೆ ಹತ್ತಲಿಲ್ಲ. ಹಾರ್ಲೆಮ್‌ಗೆ ವಾಪಸ್ ಬಂದು ದಿನಗಟ್ಟಲೆ ಚರ್ಚಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. 1957ರಲ್ಲಿ ಕ್ಯಾಥೊಲಿಕ್ ಆದರು, ಜೊತೆಯಲ್ಲಿ ಡಿಜ್ಜಿಯ ಹೆಂಡತಿ ಲೊರೇನ್ ಕೂಡ. ಕುಡಿತಕ್ಕೆ, ಡ್ರಗ್ಸ್‌ಗೆ ಸಿಕ್ಕಿ ಬಿದ್ದುಹೋದ ವಾದಕರನ್ನು ಅದೇ ಅಪಾರ್ಟ್‌ಮೆಂಟಿನಲ್ಲಿ ಇಟ್ಟುಕೊಂಡು ಅಡುಗೆ ಮಾಡಿ ಹಾಕಿದರು. ಅವರ ಖರ್ಚಿಗೆ ಹಳೆ ಬಟ್ಟೆ, ಸಾಮಾನು ಮಾರುವ ಅಂಗಡಿ ಕೂಡ ನಡೆಸಿದರು. ನೀನು ನುಡಿಸಿದರೇ ದೇವರಿಗೆ ಪ್ರಾರ್ಥನೆ ಆಗುತ್ತೆ ಅಂತ ಪಾದ್ರಿಗಳೂ ಡಿಜ್ಜಿಯೂ ಸೇರಿ ಒಪ್ಪಿಸಿದರು. ಅದೇ 1957ರ ಜುಲೈನಲ್ಲಿ ನ್ಯೂಪೋರ್ಟ್ ಜಾಜ್ ಉತ್ಸವದಲ್ಲಿ ಡಿಜ್ಜಿಯ ಬ್ಯಾಂಡ್ ಜೊತೆ ಮತ್ತೆ ವೇದಿಕೆಗೆ ಬಂದರು. ನುಡಿಸಿದ್ದು ರಾಶಿಗಳನ್ನೇ.

ನಿಮ್ಮ ಮನೆಯವರಿಗೆ ಇದನ್ನೂ ಹೇಳಿ, ಮುಚ್ಚಿಡಬೇಡಿ. ಈ ವೃತ್ತಿಯಲ್ಲಿ ಇಂಥ ಹಳ್ಳಗಳು ಬರುತ್ತವೆ. ಬಂದಾಗ ಮಗಳಿಗೆ ಮನೆ ಬಾಗಿಲು ತೆರೆದಿರಬೇಕು, ಅಷ್ಟೇ.

ಆಮೇಲಿನ ಸಂಯೋಜನೆಗಳೆಲ್ಲ ಬಹುಪಾಲು ಭಕ್ತಿ ಸಂಗೀತ. 1960ರ ದಶಕದ ಶುರುವಿನಲ್ಲಿ ಪೆರು ದೇಶದ ಮಿಶ್ರವರ್ಣದ ಸಂತ ಮಾರ್ಟಿನ್ ದಿ ಪೊರೆಸ್ ಬಗ್ಗೆ ಗುಂಪುಗಾಯನಕ್ಕೆ ಒಂದು ಕೃತಿ ಬರೆದರು. ಆಮೇಲೆ ಚರ್ಚಿನ ಇಡೀ ಪೂಜಾವಿಧಿಯನ್ನೇ ಜಾಜ್‌ಗೆ ತಂದರು. ಮೂರು ಮಾಸ್ (ಆ ಪೂಜೆಯ ಸಂಗೀತ) ಬರೆದರು. ಮೊದಲನೆಯದು ಹುಟ್ಟಿದ್ದು 1967ರಲ್ಲಿ ಪಿಟ್ಸ್‌ಬರ್ಗ್‌ನ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ. ಥಿಯರಿ ಹೇಳಿಕೊಡಲು ಕೂತರೆ ಹುಡುಗಿಯರಿಗೆ ಬೇಜಾರು. ಹಾಗಾಗಿ ಅವರ ಕಣ್ಣೆದುರಿಗೇ ಬರೆದು ಅವರಿಂದಲೇ ಹಾಡಿಸಿದರು. ಹೈಸ್ಕೂಲ್ ಹುಡುಗಿಯರು, ಅಂದರೆ ನಿಮ್ಮ ಮಗಳ ಓರಗೆಯವರೇ. ಮೂರನೆಯದು ‘ಮೇರಿ ಲೂಸ್ ಮಾಸ್’ ಅಂತ ಹೆಸರಾಯಿತು. 1971ರಲ್ಲಿ ನೃತ್ಯ ಸಂಯೋಜಕ ಆಲ್ವಿನ್ ಏಲಿ ಅದಕ್ಕೆ ನೃತ್ಯ ಮಾಡಿಸಿದರು. 1975ರಲ್ಲಿ ನ್ಯೂಯಾರ್ಕ್‌ನ ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೀಡ್ರಲ್ ಒಳಗೇ ಅದು ನಡೆಯಿತು. ಆ ಕ್ಯಾಥೀಡ್ರಲ್‌ನಲ್ಲಿ ಜಾಜ್ ಮಾಸ್ ಅದೇ ಮೊದಲು.

1977ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಕರೆಯಿತು. ಇವರಿಗೆ ಆಗ ಅರವತ್ತೇಳು ವರ್ಷ. ಕಾಲೇಜು ಮೆಟ್ಟಿಲು ಹತ್ತದ, ಡಿಗ್ರಿ ಇಲ್ಲದ ಹೆಂಗಸು ಅಲ್ಲಿ ಅಧ್ಯಾಪಕಿ. ಜಾಜ್ ಪರಿಚಯದ ಅವರ ಕ್ಲಾಸು ಹುಡುಗರಿಗೆ ತುಂಬಾ ಇಷ್ಟ. ಪಾಠ ಅಂದರೆ ಪಿಯಾನೊ ಮುಂದೆ ಕೂತು ನುಡಿಸುವುದು, ಎಲ್ಲರಿಂದ ಹಾಡಿಸುವುದು. ಪುಸ್ತಕದಿಂದ ಜಾಜ್ ಕಲಿಯಲು ಆಗಲ್ಲ ಅನ್ನೋದು ಅವರ ಪಟ್ಟು.

ಅವರ ಹತ್ತಿರ ಒಂದು ಚಿತ್ರ ಇತ್ತು. ಕಲಾವಿದ ಡೇವಿಡ್ ಸ್ಟೋನ್ ಮಾರ್ಟಿನ್ ಬರೆದುಕೊಟ್ಟ ಜಾಜ್ ಮರ. ಬೇರಿನಲ್ಲಿ ‘ಸಂಕಟ’ ಅಂತ ಬರೆದಿದೆ, ಗುಲಾಮಗಿರಿಯ ಸಂಕಟ. ಕಾಂಡ ಹತ್ತುತ್ತಾ ಹೋದರೆ ಜಾಜ್ ಬೆಳೆದ ಒಂದೊಂದೇ ಘಟ್ಟ: ಸ್ಪಿರಿಚುವಲ್ ಅನ್ನೋ ಭಕ್ತಿಗೀತೆ, ರ‍್ಯಾಗ್‌ಟೈಮ್, ಕ್ಯಾನ್ಸಸ್ ಸಿಟಿ ಸ್ವಿಂಗ್, ಬಾಪ್. ಬ್ಲೂಸ್ ಮಾತ್ರ ಒಂದು ಮೆಟ್ಟಿಲಲ್ಲ, ಕೆಳಗಿಂದ ಮೇಲಿನ ತನಕ ಕಾಂಡದ ಉದ್ದಕ್ಕೂ ಹರಿಯುತ್ತೆ. ಎಲೆಗಳ ಮೇಲೆ ವಾದಕರ ಹೆಸರು. ಒಂದು ಕಡೆಯ ಕೊಂಬೆಗಳು ಒಣಗಿ ಬೋಳಾಗಿವೆ. ಅದರ ಮೇಲೆ ‘ವ್ಯಾಪಾರಿ ರಾಕ್’, ‘ಅವಾಂಟ್-ಗಾರ್ಡ್’ (ಹಳೆ ಕಟ್ಟುಪಾಡು ಮುರಿದ ಪ್ರಯೋಗದ ಸಂಗೀತ) ಅಂತೆಲ್ಲ ಬರೆಸಿದ್ದರು. ಗಟ್ಟಿ ಹೆಂಗಸು! ಇದನ್ನು ನಾನು ಪೂರ್ತಿ ಒಪ್ಪಲ್ಲ. ಮಜಾ ಏನೆಂದರೆ ಅವರೂ ಪೂರ್ತಿ ಒಪ್ಪಿದ ಹಾಗೆ ಕಾಣಲ್ಲ. 1977ರ ಏಪ್ರಿಲ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಅದೇ ಅವಾಂಟ್-ಗಾರ್ಡ್‌ನ ದೊಡ್ಡ ಹೆಸರು ಸೆಸಿಲ್ ಟೇಲರ್ ಜೊತೆ ಎರಡು ಪಿಯಾನೊ ಕಚೇರಿ ಕೊಟ್ಟರು. ಅದರ ಯೋಚನೆಯೂ ಇವರದ್ದೇ. ‘ಎಂಬ್ರೇಸ್ಡ್’ ಅನ್ನೋ ಹೆಸರಿನ ರೆಕಾರ್ಡ್ ಇದೆ, ಅಂದರೆ ಅಪ್ಪುಗೆ. ಕೇಳಿದರೆ ಅಪ್ಪುಗೆಗಿಂತ ಕುಸ್ತಿ ಅನ್ನಿಸುತ್ತೆ. ಇವರು ಬ್ಲೂಸ್ ಹಿಡಿದು ನಿಲ್ಲಿಸುತ್ತಾರೆ, ಅವರು ಮಳೆಗಾಲದ ಜೋಗದ ಹಾಗೆ ಮೇಲಿಂದ ಸುರಿಯುತ್ತಲೇ ಇರುತ್ತಾರೆ. ಆದರೂ ಅರವತ್ತಾರು ದಾಟಿದವರು ಆ ಸಾಹಸಕ್ಕೆ ಇಳಿದರಲ್ಲ.

1981ರ ಮೇ 28ಕ್ಕೆ, ಕ್ಯಾನ್ಸರ್‌ನಿಂದ, ಡ್ಯೂಕ್ ಇರುವ ಡರ್ಹಮ್ ಊರಿನಲ್ಲೇ ತೀರಿಕೊಂಡರು. ಎರಡು ವರ್ಷದ ನಂತರ ಅಲ್ಲಿನ ಕಪ್ಪು ಸಂಸ್ಕೃತಿ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಸರಿ, ಮನೆಯಲ್ಲಿ ಈಗ ಏನು ಮಾಡಬೇಕು? ಟೀಚರನ್ನು ಬದಲಿಸುವ ಅವಸರ ಬೇಡ. ಅವರ ಹತ್ತಿರ ಒಂದು ಮಾತು ಕೇಳಿ, ವಾರದಲ್ಲಿ ಒಂದು ಕ್ಲಾಸು ಪುಸ್ತಕ ಮುಚ್ಚಿಟ್ಟು ಕಿವಿಯಿಂದ ಮಾಡಬಹುದಾ ಅಂತ. ಒಳ್ಳೆಯ ಟೀಚರ್ ಆದರೆ ಖುಷಿಯಿಂದ ಒಪ್ಪುತ್ತಾರೆ. ಸಿ ಮೇಜರ್‌ನಲ್ಲಿ ಹನ್ನೆರಡು ಬಾರ್ ಬ್ಲೂಸ್ ಹಿಡಿದುಕೊಳ್ಳಲಿ. ಮೂರೇ ಕಾರ್ಡ್, ಸಿ7, ಎಫ್7, ಜಿ7. ಒಂದು ತಿಂಗಳು ಎಡಗೈ ಮಾತ್ರ. ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ಶಬ್ದ ಎರಡು ಮತ್ತು ನಾಲ್ಕಕ್ಕೆ ಬೀಳುವ ಹಾಗೆ ಎಣಿಸಿಕೊಳ್ಳಲಿ. ಮೊದಲ ವಾರ ಅಳುತ್ತಾಳೆ, ಇರಲಿ ಬಿಡಿ. ಕೀಬೋರ್ಡ್‌ನಲ್ಲಿ ಅರವತ್ತೊಂದೇ ಮಣೆ ಇದ್ದರೆ ಸ್ಟ್ರೈಡ್‌ಗೆ ಕೆಳಗೆ ಜಾಗ ಸಾಲಲ್ಲ, ಎಂಬತ್ತೆಂಟರದ್ದು ಸೆಕೆಂಡ್ ಹ್ಯಾಂಡ್ ಸಿಕ್ಕಿದರೂ ಸಾಕು.

ಇನ್ನು ಕೇಳುವುದು. ಒಂದೇ ದಿನ ಎಲ್ಲ ಕೇಳಿಸಬೇಡಿ. ಮೊದಲು ‘ನೈಟ್ ಲೈಫ್’. ಒಂದು ವಾರ ಬಿಟ್ಟು ‘ಝೋಡಿಯಾಕ್ ಸೂಟ್’ನಲ್ಲಿ ವೃಷಭ ಮತ್ತು ತುಲಾ, 1945ರ ಸ್ಟುಡಿಯೊ ರೆಕಾರ್ಡಿಂಗ್, ಪಿಯಾನೊ ಬಾಸ್ ಡ್ರಮ್ಸ್ ಮೂರೇ ಇರುವುದು. ಆಮೇಲೆ ‘ವಾಕಿನ್ ಆ್ಯಂಡ್ ಸ್ವಿಂಗಿನ್’ ಹಾಕಿ, ಮಂಕ್ ಕದ್ದ ಸಾಲು ಎಲ್ಲಿದೆ ಅಂತ ಹೇಳದೆ ಅವಳೇ ಹುಡುಕಲು ಬಿಡಿ. ಸಿಕ್ಕಿದ ಮೇಲೆ ಅದನ್ನು ಕಾಗದದ ಮೇಲೆ ಬರೆದು ತೋರಿಸು ಅನ್ನಿ. ತಪ್ಪು ತಪ್ಪಾಗಿ ಬರೆದರೂ ಪರವಾಗಿಲ್ಲ. ಆ ಕಾಗದದ ಫೋಟೊ ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ.